ಅಕ್ಷರದ ಅಂಚಿನಲ್ಲಿ ಬೇಡದ ಗೆರೆ

ಫ್ಲೆಕ್ಸ್‌ಗೆಂದು 'ಕನ್ನಡ' ಎಂಬ ಪದವನ್ನು ದೊಡ್ಡದಾಗಿ ಕೂರಿಸಿ, ಒಳಗೆ ಹಳದಿ ತುಂಬಿ, ಸುತ್ತ ಕೆಂಪು ಅಂಚು ಕೊಟ್ಟಿರುತ್ತೀರಿ. ಅಂಚು ಹೊರಗಡೆ ಮಾತ್ರ ಬರಬೇಕು. ಬಂದದ್ದು ಬೇರೆ: ತಲೆಕಟ್ಟು ಅಕ್ಷರದ ಒಡಲಿಗೆ ಕೂಡುವಲ್ಲೆಲ್ಲ ಒಂದೊಂದು ಕೆಂಪು ಗೀರು, ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗುವಲ್ಲಿ ಇನ್ನೊಂದು. ದೂರದಿಂದ ನೋಡಿದರೆ ಅಕ್ಷರವನ್ನು ಒಡೆದು ಮತ್ತೆ ಅಂಟಿಸಿದಂತೆ ಕಾಣುತ್ತದೆ. ನವೆಂಬರಿನಲ್ಲಿ ಊರಿನ ವೃತ್ತಗಳಲ್ಲಿ ಕಟ್ಟುವ ಬ್ಯಾನರುಗಳಲ್ಲಿ ಇಂಥವು ಸಾಕಷ್ಟು ಕಣ್ಣಿಗೆ ಬೀಳುತ್ತವೆ, ಅದೂ ನಾಡಿನ ಹೆಸರನ್ನೇ ಹೊತ್ತು. ಮಾಡಿದವರಿಗೆ ಕೆಲಸ ಗೊತ್ತಿಲ್ಲವೆಂದಲ್ಲ. ಆ ಗೆರೆ ಎಲ್ಲಿಂದ ಬಂತೆಂದು ಅವರಿಗೆ ಬಿಡಿಸಿ ಹೇಳಿದವರು ಕಡಿಮೆ. ಕಲಿಕೆಯ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳನ್ನೇ ಮುಂದಿಟ್ಟುಕೊಂಡು ಬರೆದವು. ಅಲ್ಲಿ ತಲೆಕಟ್ಟೂ ಇಲ್ಲ, ಒತ್ತೂ ಇಲ್ಲ.

ಗೆರೆಗೆ ಕಾರಣ ಒಂದೇ ಅಲ್ಲ. ಅಕ್ಷರಕ್ಕೆ ಕೊಟ್ಟ ಔಟ್‌ಲೈನ್ ಇರಬಹುದು, ಫಾಂಟಿನ ಒಳಗಿನ ಜೋಡಣೆ ಇರಬಹುದು, ಬೋಲ್ಡ್ ಗುಂಡಿ ಒತ್ತಿದ ಫಲ ಇರಬಹುದು, ಬರೀ ಪರದೆಯ ಭ್ರಮೆಯೂ ಇರಬಹುದು. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಗೆರೆ ಅಳಿಸಲು ಹೊರಡುವ ಮೊದಲು ಅದು ಯಾವ ಜಾತಿಯದೆಂದು ಗುರುತಿಸಬೇಕು. ಇಲ್ಲಿನ ವಿವರಗಳು ನಮ್ಮ ಡಿಟಿಪಿ ಅಂಗಡಿಗಳಲ್ಲಿ ನಡೆಯುವ ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್ ಮತ್ತು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್, ಈ ಮೂರಕ್ಕೂ ಹೊಂದುತ್ತವೆ. ಕೀಲಿಗಳನ್ನು ವಿಂಡೋಸ್ ಲೆಕ್ಕದಲ್ಲಿ ಕೊಟ್ಟಿದ್ದೇನೆ.

ಗೆರೆ ಇರುವುದು ಫೈಲಿನಲ್ಲೋ, ಪರದೆಯಲ್ಲೋ?

ಮೊದಲು ಜೂಮ್ ಮಾಡಿ. ಹತ್ತು ಪಟ್ಟು ಹಿಗ್ಗಿಸಿದಾಗ ಗೆರೆಯೂ ಹತ್ತು ಪಟ್ಟು ದಪ್ಪವಾದರೆ ಅದು ನಿಜವಾದ ಗೆರೆ. ಅಕ್ಷರ ಎಷ್ಟೇ ದೊಡ್ಡದಾದರೂ ಗೆರೆ ಮಾತ್ರ ಕೂದಲಿನಷ್ಟೇ ತೆಳುವಾಗಿ ಉಳಿದರೆ, ಅದು ಪರದೆಯ ಚುಕ್ಕಿಗಳ ಆಟ ಆಗಿರುವ ಸಂಭವ ಹೆಚ್ಚು. ಎರಡು ಆಕಾರಗಳು ಒಂದಕ್ಕೊಂದು ಸರಿಯಾಗಿ ಅಂಚಿಗೆ ಅಂಚು ತಾಗಿ ನಿಂತಾಗ, ಅಂಚನ್ನು ನುಣುಪಾಗಿ ತೋರಿಸಲು ತಂತ್ರಾಂಶ ಎರಡನ್ನೂ ಬೇರೆ ಬೇರೆಯಾಗಿ ಅರೆಪಾರದರ್ಶಕ ಮಾಡುತ್ತದೆ. ನಡುವಿನಿಂದ ಹಿನ್ನೆಲೆಯ ಬಣ್ಣ ಇಣುಕುತ್ತದೆ. ಮುದ್ರಣದಲ್ಲಿ ಅದು ಸಾಮಾನ್ಯವಾಗಿ ಬರುವುದಿಲ್ಲ. ಇಲ್ಲಸ್ಟ್ರೇಟರಿನಲ್ಲಿ ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿರುವ ಆಂಟಿ-ಏಲಿಯಾಸ್ಡ್ ಆರ್ಟ್‌ವರ್ಕ್ ಗುರುತು ತೆಗೆದು ನೋಡಿ. ಗೆರೆ ಮಾಯವಾದರೆ ನೆಮ್ಮದಿಯಾಗಿ ಮುಂದೆ ಹೋಗಬಹುದು. ಅಕ್ಷರದ ಮೇಲೆ ಮೌಸ್ ಹೋದಾಗ ಮೂಡುವ ನೀಲಿ ಗೆರೆಯೂ ಫೈಲಿನದಲ್ಲ, ಅದು ಆ ಲೇಯರಿನ ಗುರುತು.

ಒಂದು ಎಚ್ಚರ: ಕೋರೆಲ್‌ನ ಹೇರ್‌ಲೈನ್ ಕೂಡ ಜೂಮ್ ಮಾಡಿದಾಗ ತೆಳುವಾಗಿಯೇ ಕಾಣುತ್ತದೆ, ಆದರೆ ಅದು ನಿಜವಾದ ಗೆರೆ. ಅದಕ್ಕೇ ಎರಡನೆಯ ಪರೀಕ್ಷೆ ಬೇಕು. ಅಕ್ಷರವನ್ನು ಆಯ್ದು ಕಿಟಕಿಯ ತಳದ ಪಟ್ಟಿ ನೋಡಿ. ಕೋರೆಲ್‌ನಲ್ಲಿ ಬಲಮೂಲೆಯಲ್ಲೂ ಇಂಕ್‌ಸ್ಕೇಪಿನಲ್ಲಿ ಎಡಮೂಲೆಯಲ್ಲೂ ಒಳಬಣ್ಣ ಯಾವುದು, ಗೆರೆ ಯಾವುದು, ಎಷ್ಟು ದಪ್ಪ ಎಂದು ಬರೆದಿರುತ್ತದೆ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು: ಬಣ್ಣವನ್ನೆಲ್ಲ ಬದಿಗಿಟ್ಟು ಬರೀ ಆಕಾರ ತೋರಿಸುವ ನೋಟ. ಇಲ್ಲಸ್ಟ್ರೇಟರಿನಲ್ಲಿ, ಅಕ್ಷರವನ್ನು ಕರ್ವ್ ಆಗಿ (ಪಠ್ಯದಿಂದ ಆಕಾರಕ್ಕೆ) ಬದಲಿಸಿದ ಮೇಲೆ, ಕಂಟ್ರೋಲ್ ವೈ; ಕೋರೆಲ್‌ನಲ್ಲಿ ವ್ಯೂ ಮೆನುವಿನ ವೈರ್‌ಫ್ರೇಮ್; ಇಂಕ್‌ಸ್ಕೇಪಿನಲ್ಲಿ ವ್ಯೂ, ಡಿಸ್‌ಪ್ಲೇ ಮೋಡ್, ಔಟ್‌ಲೈನ್. ಈ ನೋಟದಲ್ಲಿ ಅಕ್ಷರದ ಒಳಗೆ ಅಡ್ಡಗೆರೆಗಳು ಕಂಡರೆ ಅಲ್ಲಿ ಒಂದರ ಮೇಲೊಂದು ಬಿದ್ದ ತುಂಡುಗಳಿವೆ ಎಂದರ್ಥ. ಗೆರೆ ಜೋಡಿಜೋಡಿಯಾಗಿ ಕಂಡರೆ ಒಂದೇ ಅಕ್ಷರದ ಎರಡು ಪ್ರತಿಗಳು ಒಂದರಡಿ ಒಂದು ಅಡಗಿವೆ. ಒಳಗೆ ಏನೂ ಇಲ್ಲದೆ ಬರೀ ಹೊರಗೆರೆ ಕಂಡರೆ ತೊಂದರೆ ಔಟ್‌ಲೈನಿನದು ಮಾತ್ರ, ತೆಗೆಯುವುದು ಸುಲಭ.

ಸುಲಭದ್ದನ್ನು ಮೊದಲು ಮುಗಿಸೋಣ

ಔಟ್‌ಲೈನ್ ತೆಗೆಯಲು ಕೋರೆಲ್‌ನಲ್ಲಿ ಅಕ್ಷರವನ್ನು ಆಯ್ದು, ಬಣ್ಣದ ಪಟ್ಟಿಯಲ್ಲಿರುವ ಅಡ್ಡಗೀಟಿನ ಚೌಕದ ಮೇಲೆ ಬಲಗ್ಲಿಕ್ ಮಾಡಿದರೆ ಸಾಕು. ಇಂಕ್‌ಸ್ಕೇಪಿನಲ್ಲಿ ಅಂಥದೇ ಚೌಕದ ಮೇಲೆ ಶಿಫ್ಟ್ ಹಿಡಿದು ಕ್ಲಿಕ್. ಇಲ್ಲಸ್ಟ್ರೇಟರಿನಲ್ಲಿ ಎಕ್ಸ್ ಒತ್ತಿ ಗೆರೆಯ ಚೌಕವನ್ನು ಮುಂದೆ ತಂದು, ಆಮೇಲೆ ಓರೆಗೀಟಿನ ಕೀಲಿ. ಅಕ್ಷರಗಳ ನಡುವೆ ಕರ್ಸರ್ ಮಿನುಗುತ್ತಿರುವಾಗ ಮಾತ್ರ ಹೀಗೆ ಮಾಡಬೇಡಿ, ಎಕ್ಸ್ ಪಠ್ಯದಲ್ಲೇ ಬರೆದುಕೊಳ್ಳುತ್ತದೆ.

ಇಲ್ಲಸ್ಟ್ರೇಟರಿನಲ್ಲಿ ಔಟ್‌ಲೈನ್ ಇಲ್ಲ ಎಂದು ತೋರಿಸುತ್ತಿದ್ದರೂ ಗೆರೆ ಕಾಣುವುದುಂಟು. ಅಲ್ಲಿ ಗೆರೆಯನ್ನು ಅಕ್ಷರಗಳಿಗೂ ಕೊಡಬಹುದು, ಅಕ್ಷರಗಳನ್ನು ಹೊತ್ತ ಪಠ್ಯವಸ್ತುವಿಗೂ ಕೊಡಬಹುದು, ಅದರ ಮೇಲಿನ ಗುಂಪಿಗೂ ಇಡೀ ಲೇಯರಿಗೂ ಕೊಡಬಹುದು. ಟೈಪ್ ಟೂಲಿನಿಂದ ಅಕ್ಷರಗಳನ್ನು ಆಯ್ದರೆ ಕಾಣುವುದು ಮೊದಲನೆಯದು ಮಾತ್ರ. ಕಪ್ಪು ಬಾಣದಿಂದ ವಸ್ತುವನ್ನು ಆಯ್ದು, ಶಿಫ್ಟ್ ಎಫ್ 6 ಒತ್ತಿ ಅಪಿಯರೆನ್ಸ್ ಫಲಕ ತೆರೆಯಿರಿ. ಅಡಗಿದ ಸ್ಟ್ರೋಕ್ ಸಾಲು ಅಲ್ಲಿ ಸಿಗುತ್ತದೆ, ಅದನ್ನು ಕಸದ ಬುಟ್ಟಿಗೆ ಹಾಕಿ. ಅಲ್ಲೂ ಇಲ್ಲವಾದರೆ ಲೇಯರ್ಸ್ ಫಲಕದ ಬಲಬದಿಯ ಪುಟ್ಟ ವೃತ್ತಗಳನ್ನು ನೋಡಿ. ಛಾಯೆ ತುಂಬಿದ ವೃತ್ತವಿರುವ ಸಾಲಿನಲ್ಲಿ ಏನೋ ಹೆಚ್ಚುವರಿ ಕೊಟ್ಟಿರುತ್ತಾರೆ.

ಬಿಳಿ ಗೆರೆಯ ಕಥೆ ಇನ್ನೊಂದು. ಬಿಳಿ ಹಾಳೆಯ ಮೇಲೆ ಬಿಳಿ ಔಟ್‌ಲೈನ್ ಕಾಣುವುದಿಲ್ಲ, ಆದರೆ ಅದರ ಅರ್ಧ ದಪ್ಪ ಅಕ್ಷರದ ಒಳಕ್ಕೆ ಹೊಕ್ಕು ಅಕ್ಷರವನ್ನು ತೆಳ್ಳಗೆ ಮಾಡಿರುತ್ತದೆ. ಹಿನ್ನೆಲೆಗೆ ಬಣ್ಣ ಹಾಕಿದ ದಿನ ಗುಟ್ಟು ರಟ್ಟಾಗುತ್ತದೆ. ಲಗ್ನಪತ್ರಿಕೆಯ ಸಣ್ಣ ಅಕ್ಷರಗಳು ಕಾರಣವಿಲ್ಲದೆ ಬಡಕಲಾಗಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಕೋರೆಲ್‌ನಲ್ಲಿ ಹೊಸದಾಗಿ ಟೈಪ್ ಮಾಡಿದ್ದಕ್ಕೆಲ್ಲ ತಾನಾಗಿ ಗೆರೆ ಬರುತ್ತಿದೆಯೇ? ಯಾರೋ ಏನನ್ನೂ ಆಯ್ಕೆ ಮಾಡದೆ ಬಣ್ಣದ ಮೇಲೆ ಬಲಗ್ಲಿಕ್ ಮಾಡಿ, ಎದ್ದುಬಂದ ಪೆಟ್ಟಿಗೆಗೆ ಓಕೆ ಒತ್ತಿದ್ದಾರೆ. ಆ ಪೆಟ್ಟಿಗೆ ಕೇಳಿದ್ದು ಇನ್ನು ಮುಂದೆ ಎಲ್ಲಕ್ಕೂ ಹೀಗೇ ಇರಲಿಯೇ ಎಂದು. ಏನನ್ನೂ ಆಯ್ಕೆ ಮಾಡದೆ ಅಡ್ಡಗೀಟಿನ ಚೌಕಕ್ಕೆ ಬಲಗ್ಲಿಕ್ ಮಾಡಿ, ಆರ್ಟಿಸ್ಟಿಕ್ ಟೆಕ್ಸ್ಟ್, ಪ್ಯಾರಾಗ್ರಾಫ್ ಟೆಕ್ಸ್ಟ್ ಎರಡಕ್ಕೂ ಗುರುತು ಹಾಕಿದರೆ ಹಳೆಯ ಸ್ಥಿತಿಗೆ ಬರುತ್ತದೆ. ಇಂಕ್‌ಸ್ಕೇಪಿನಲ್ಲಿ ಪಠ್ಯದ ಉಪಕರಣದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಪ್ರಿಫರೆನ್ಸಸ್ ತೆರೆಯುತ್ತದೆ. ಕೊನೆಗೆ ಬಳಸಿದ ಶೈಲಿಯನ್ನೇ ಹಿಡಿಯಬೇಕೋ ತನ್ನದೇ ಶೈಲಿ ಇಟ್ಟುಕೊಳ್ಳಬೇಕೋ ಎಂಬುದನ್ನು ಅಲ್ಲಿ ನಿಶ್ಚಯಿಸಬಹುದು.

ನುಡಿ, ಬರಹ ಫಾಂಟುಗಳ ಒಳಗಿನ ಜೋಡಣೆ

ಈಗ ಕನ್ನಡಕ್ಕೇ ಅಂಟಿಕೊಂಡ ತೊಂದರೆಗೆ ಬರೋಣ. ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು ಶೇಷಾದ್ರಿವಾಸು ಅವರ ಬರಹ ನಮ್ಮ ಮುದ್ರಣಲೋಕದ ಬೆನ್ನೆಲುಬಾಗಿ ನಿಂತವು. ಅವುಗಳ ಹಳೆಯ ಆಸ್ಕಿ ಫಾಂಟುಗಳನ್ನು ಇಂದಿಗೂ ಬಳಸುವ ಅಂಗಡಿಗಳು ಬಹಳ. ಆ ಫಾಂಟುಗಳಲ್ಲಿ ಒಂದು ಅಕ್ಷರ ಒಂದೇ ಆಕಾರವಲ್ಲ. ಇಂಗ್ಲಿಷಿಗೆಂದು ಇದ್ದ ಸೀಮಿತ ಮನೆಗಳಲ್ಲಿ ಇಡೀ ಕನ್ನಡವನ್ನು ಹಿಡಿಸಬೇಕಿತ್ತು, ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿ ಇಟ್ಟರು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಕ ಅಕ್ಷರದ ಒಡಲು, ಅದರ ತಲೆಕಟ್ಟು, ನ ಅಕ್ಷರದ ಒಡಲು, ಅದರ ತಲೆಕಟ್ಟು, ನ ಒತ್ತು, ಡ ಅಕ್ಷರದ ಒಡಲು, ಅದರ ತಲೆಕಟ್ಟು. ಒಟ್ಟು 7 ತುಂಡು. ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಏಳು ಬೇರೆ ಬೇರೆ ಮುಚ್ಚಿದ ಆಕಾರ.

ಒಳಬಣ್ಣ ಮಾತ್ರ ಇರುವಾಗ ಇದರಿಂದ ಏನೂ ತೊಂದರೆಯಿಲ್ಲ. ತುಂಡುಗಳು ಸ್ವಲ್ಪ ಒಂದರ ಮೇಲೊಂದು ಹತ್ತಿರುತ್ತವೆ, ಬಣ್ಣ ಒಂದೇ ಆದ್ದರಿಂದ ಬೆಸುಗೆ ಕಾಣುವುದಿಲ್ಲ. ಔಟ್‌ಲೈನ್ ಕೊಟ್ಟಿರೋ, ತಂತ್ರಾಂಶ ಏಳೂ ತುಂಡಿನ ಸುತ್ತ ಪ್ರತ್ಯೇಕವಾಗಿ ಗೆರೆ ಎಳೆಯುತ್ತದೆ. ಕ, ನ, ಡ ಮೂರರ ತಲೆಕಟ್ಟಿನ ಬುಡದಲ್ಲೂ ಗೀರು ಬಂದದ್ದು ಹೀಗೆ.

ಯೂನಿಕೋಡ್ ಫಾಂಟಿಗೆ ಬದಲಾದರೆ ತಲೆಕಟ್ಟಿನ ಸಮಸ್ಯೆ ಬಹುಮಟ್ಟಿಗೆ ತೀರುತ್ತದೆ, ಏಕೆಂದರೆ ಅಲ್ಲಿ ಕ ಒಂದೇ ಆಕಾರವಾಗಿ ಕೂತಿರುತ್ತದೆ. ಕೊಂಬು, ದೀರ್ಘ, ಒತ್ತು ಮಾತ್ರ ಬೇರೆಯಾಗಿ ಬಂದು ಸೇರುವುದುಂಟು, ಅಲ್ಲಿ ಗೆರೆ ಉಳಿಯಬಹುದು. ಇಲ್ಲಸ್ಟ್ರೇಟರಿನಲ್ಲಿ ಯೂನಿಕೋಡ್ ಕನ್ನಡ ಒಡೆದು ಕಂಡರೆ ಪ್ರಿಫರೆನ್ಸಸ್‌ನ ಟೈಪ್ ಪುಟದಲ್ಲಿ ಇಂಡಿಕ್ ಆಯ್ಕೆಗಳನ್ನು ತೋರಿಸುವ ಗುರುತು ಹಾಕಿಕೊಳ್ಳಿ.

ತುಂಡುಗಳು ಕೂಡುವಲ್ಲಿ ಬರುವ ಈ ಗೀರಿಗೆ ಎರಡು ಪರಿಹಾರ. ಅವಸರದ ಕೆಲಸಕ್ಕೂ, ಆಮೇಲೆ ಪದ ತಿದ್ದಬೇಕಾದೀತು ಎಂಬ ಕೆಲಸಕ್ಕೂ ಮೊದಲನೆಯದನ್ನೇ ನಾನು ಹೇಳುವುದು: ಎರಡು ಪ್ರತಿ ಇಡುವುದು. ಪಠ್ಯವನ್ನು ಅದೇ ಜಾಗದಲ್ಲಿ ಇನ್ನೊಂದು ಪ್ರತಿ ಮಾಡಿ. ಕೋರೆಲ್‌ನಲ್ಲಿ ಅಂಕಿಗಳ ಬದಿಯ ಪ್ಲಸ್ ಕೀಲಿ, ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಡಿ, ಇಲ್ಲಸ್ಟ್ರೇಟರಿನಲ್ಲಿ ಕಂಟ್ರೋಲ್ ಸಿ ಆದಮೇಲೆ ಕಂಟ್ರೋಲ್ ಎಫ್. ಕೆಳಗಿನ ಪ್ರತಿಗೆ ಮಾತ್ರ ಔಟ್‌ಲೈನ್, ಮೇಲಿನದಕ್ಕೆ ಬರೀ ಒಳಬಣ್ಣ. ಮೇಲಿನ ಬಣ್ಣ ಒಳಗಿನ ಗೀರುಗಳನ್ನೆಲ್ಲ ಮುಚ್ಚುತ್ತದೆ, ಹೊರಗಿನ ಅಂಚು ಮಾತ್ರ ಉಳಿಯುತ್ತದೆ. ಗೆರೆಯ ಅರ್ಧ ಭಾಗ ಮೇಲಿನ ಪ್ರತಿಯಡಿ ಹೋಗುವುದರಿಂದ 1 ಮಿಲಿಮೀಟರ್ ಅಂಚು ಬೇಕಿದ್ದರೆ 2 ಮಿಲಿಮೀಟರ್ ಔಟ್‌ಲೈನ್ ಕೊಡಿ. ಅಕ್ಷರ ಇನ್ನೂ ಅಕ್ಷರವಾಗಿಯೇ ಉಳಿದಿರುತ್ತದೆ. ಗಿರಾಕಿ ಬಂದು ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ ಎಂದರೆ ಎರಡೂ ಪ್ರತಿಯಲ್ಲಿ ತಿದ್ದಿದರೆ ಮುಗಿಯಿತು. ಮೇಲಿನ ಬಣ್ಣ ಪಾರದರ್ಶಕವಾಗಿದ್ದರೆ ಮಾತ್ರ ಈ ಉಪಾಯ ನಡೆಯದು.

ಎರಡನೆಯದು ವೆಲ್ಡ್. ತುಂಡುಗಳನ್ನು ನಿಜವಾಗಿ ಬೆಸೆದು ಒಂದೇ ಆಕಾರ ಮಾಡುವುದು. ಇಲ್ಲಸ್ಟ್ರೇಟರಿನಲ್ಲಿ ಕಂಟ್ರೋಲ್ ಶಿಫ್ಟ್ ಓ ಒತ್ತಿ ಕರ್ವ್ ಮಾಡಿ, ಪಾತ್‌ಫೈಂಡರಿನ ಯುನೈಟ್ ಒತ್ತಿ. ಇಂಕ್‌ಸ್ಕೇಪಿನಲ್ಲಿ ಕಂಟ್ರೋಲ್ ಶಿಫ್ಟ್ ಸಿ, ಆಮೇಲೆ ಗುಂಪು ಬಿಡಿಸಿ, ಪಾತ್ ಮೆನುವಿನ ಯೂನಿಯನ್.

ಕೋರೆಲ್‌ನಲ್ಲಿ ಕ್ರಮ ಮುಖ್ಯ, ತಪ್ಪುವುದೂ ಅಲ್ಲೇ. ಇಡೀ ಪದಕ್ಕೆ ನೇರವಾಗಿ ಕಂಟ್ರೋಲ್ ಕ್ಯೂ ಒತ್ತಿದರೆ ಏಳೂ ತುಂಡು ಒಂದೇ ಕರ್ವ್ ಆಗಿ ಸೇರಿಕೊಳ್ಳುತ್ತವೆ. ಒಂದರ ಮೇಲೊಂದು ಬಿದ್ದ ಜಾಗ ಕೆಲವೊಮ್ಮೆ ಬಿಳಿ ತೂತಾಗುತ್ತದೆ. ಆಗ ಗಾಬರಿಯಲ್ಲಿ ಕಂಟ್ರೋಲ್ ಕೆ ಒತ್ತಿ ಬಿಡಿಸಿದರೆ ಅಕ್ಷರದ ಒಳಗಿನ ಖಾಲಿ ಜಾಗಗಳೂ ಬಿಡಿ ಆಕಾರಗಳಾಗಿ ಬಣ್ಣ ತುಂಬಿಕೊಳ್ಳುತ್ತವೆ, ವೆಲ್ಡ್ ಮಾಡಿದರೆ ಡ ಒಂದು ಉಂಡೆಯಾಗುತ್ತದೆ. ಆಸ್ಕಿ ಫಾಂಟಾದರೆ ಮೊದಲು, ಅದು ಪಠ್ಯವಾಗಿರುವಾಗಲೇ, ಕಂಟ್ರೋಲ್ ಕೆ ಒತ್ತುತ್ತ ಬಿಡಿ ತುಂಡುಗಳವರೆಗೆ ಒಡೆಯಿರಿ. ಆಮೇಲೆ ಎಲ್ಲವನ್ನೂ ಆಯ್ದು ಕಂಟ್ರೋಲ್ ಕ್ಯೂ. ಆಮೇಲೆ ವೆಲ್ಡ್. ಹೀಗೆ ಮಾಡಿದರೆ ಪ್ರತಿ ತುಂಡೂ ತನ್ನ ಒಳತೂತನ್ನು ಉಳಿಸಿಕೊಂಡೇ ಬೆಸೆದುಕೊಳ್ಳುತ್ತದೆ. ಯೂನಿಕೋಡ್ ಪಠ್ಯವನ್ನು ಮಾತ್ರ ಹೀಗೆ ಅಕ್ಷರದ ಮಟ್ಟಕ್ಕೆ ಒಡೆಯಬಾರದು. ಒತ್ತು, ಗುಣಿತ ಚದುರಿಹೋಗುತ್ತವೆ. ಅದಕ್ಕೆ ಕರ್ವ್ ಮಾಡಿದ ಒಂದೇ ವಸ್ತುವಿನ ಮೇಲೆ ವೆಲ್ಡ್ ಪ್ರಯೋಗಿಸಿ, ಇಲ್ಲವೇ ಎರಡು ಪ್ರತಿಯ ಉಪಾಯವನ್ನೇ ಹಿಡಿಯಿರಿ. ಯಾವುದೇ ಆದರೂ ವೆಲ್ಡ್‌ಗೆ ಮುಂಚೆ ಮೂಲಪಠ್ಯದ ಒಂದು ಪ್ರತಿಯನ್ನು ಪುಟದ ಹೊರಗೆ ಎತ್ತಿಡಿ.

ಹೊಸ ಫಾಂಟಿನಲ್ಲೂ ಅಡ್ಡಗೆರೆ ಏಕೆ?

ಯೂನಿಕೋಡ್‌ಗೆ ಬಂದೂ ಒಂದೇ ಅಕ್ಷರದ ಹೊಟ್ಟೆಯೊಳಗೆ ಗೆರೆ ಹಾಯ್ದಿದೆ ಎಂದರೆ ಅದು ವೇರಿಯಬಲ್ ಫಾಂಟ್ ಇರಬಹುದು. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ 2, ಅನೇಕ್ ಕನ್ನಡ ಇವೆಲ್ಲ ಆ ರೂಪದಲ್ಲೂ ಸಿಗುತ್ತವೆ. ಒಂದೇ ಫೈಲಿನಿಂದ ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕ ಬರಬೇಕಾದರೆ ಪ್ರತಿ ತೂಕದಲ್ಲೂ ಬಿಂದುಗಳ ಸಂಖ್ಯೆ, ಕ್ರಮ ಒಂದೇ ಇರಬೇಕು. ಅದಕ್ಕಾಗಿ ವಿನ್ಯಾಸಕಾರರು ಅಕ್ಷರದ ಭಾಗಗಳನ್ನು ಬೆಸೆಯದೆ, ಒಂದರ ಮೇಲೊಂದು ಹಾಯುವಂತೆಯೇ ಬಿಡುವುದುಂಟು. ಅದು ಫಾಂಟಿನ ದೋಷವಲ್ಲ. ದೊಡ್ಡ ಶೀರ್ಷಿಕೆಗೆ ಔಟ್‌ಲೈನ್ ಬೇಕಿದ್ದರೆ ಅದೇ ಫಾಂಟಿನ ಸ್ಟ್ಯಾಟಿಕ್ ಫೈಲನ್ನು ಹಾಕಿಕೊಳ್ಳಿ, ಇಲ್ಲವೇ ಕರ್ವ್ ಮಾಡಿ ಯುನೈಟ್ ಮಾಡಿ.

ಬೋಲ್ಡ್ ಗುಂಡಿಯ ಕೆಲಸ

ಗಿರಾಕಿ ವರ್ಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಕಳಿಸುತ್ತಾರೆ. ಅದನ್ನು ಇಲ್ಲಸ್ಟ್ರೇಟರಿನಲ್ಲಿ ತೆರೆದು ಶೀರ್ಷಿಕೆಯ ಬಣ್ಣ ಕಪ್ಪಿನಿಂದ ಕೆಂಪಿಗೆ ಬದಲಿಸಿದಿರಿ. ಒಳಗು ಕೆಂಪಾಯಿತು, ಸುತ್ತ ಕಪ್ಪು ಗೆರೆ ಉಳಿಯಿತು. ಯಾರೂ ಕೊಡದ ಈ ಗೆರೆಯ ಮೂಲ ಬೋಲ್ಡ್ ಗುಂಡಿ. ಟಿರೋ ಕನ್ನಡ, ಅಕಾಯ ಕನಡಕ ಮುಂತಾದ ಫಾಂಟುಗಳಿಗೆ ಬೋಲ್ಡ್ ಫೈಲೇ ಇಲ್ಲ. ಇಲ್ಲದ ಬೋಲ್ಡನ್ನು ಕೇಳಿದಾಗ ತಂತ್ರಾಂಶ ಅಕ್ಷರದ ಸುತ್ತ ಅದೇ ಬಣ್ಣದ ಗೆರೆ ಎಳೆದು ದಪ್ಪ ಮಾಡಿ ತೋರಿಸುವುದುಂಟು. ಪಿಡಿಎಫ್‌ನಲ್ಲಿ ಪಠ್ಯವನ್ನು ಬರೀ ತುಂಬುವ, ಬರೀ ಗೆರೆ ಎಳೆಯುವ, ಎರಡನ್ನೂ ಮಾಡುವ ಕ್ರಮಗಳು ಬೇರೆ ಬೇರೆ ಇವೆ. ಹುಸಿ ಬೋಲ್ಡ್ ಮೂರನೆಯದನ್ನು ಬಳಸುತ್ತದೆ. ಗೆರೆ ತೆಗೆದುಹಾಕಿ, ನಿಜವಾದ ಬೋಲ್ಡ್ ಇರುವ ಫಾಂಟನ್ನು ಆರಿಸಿ.

ಗೆರೆ ಎಳೆದು ಅಕ್ಷರವನ್ನು ದಪ್ಪ ಮಾಡುವ ಅಭ್ಯಾಸವನ್ನು ಪೂರ್ತಿ ಬಿಡಬೇಕೆಂದು ನನ್ನ ಒತ್ತಾಯ. ಗೆರೆ ಒಳಕ್ಕೂ ಬೆಳೆಯುತ್ತದೆ, ಕನ್ನಡದಲ್ಲಿ ಅರ್ಥ ಇರುವುದೇ ಆ ಒಳಜಾಗಗಳಲ್ಲಿ. ರ ಮತ್ತು ಠ ಬೇರೆಯಾಗುವುದು ನಡುವಿನ ಒಂದು ಚುಕ್ಕಿಯಿಂದ. ಧ ಮತ್ತು ಥ ಕೂಡ ಹಾಗೆಯೇ. ದ ಅಕ್ಷರ ಧ ಆಗುವುದು ಕೆಳಗಿನ ಒಂದು ಸಣ್ಣ ಗೀಟಿನಿಂದ. ಬಣ್ಣ ಒಳಕ್ಕೆ ಹರಿದು ಆ ಜಾಗ ಮುಚ್ಚಿಹೋದರೆ ಓದುಗ ಅಂದಾಜಿನ ಮೇಲೆ ಓದಬೇಕಾಗುತ್ತದೆ. ಹೆಸರು, ಊರು, ಮುಹೂರ್ತಗಳನ್ನು ಅಂದಾಜಿನ ಮೇಲೆ ಓದಿಸುವುದು ಸರಿಯಲ್ಲ.

ಹಿಗ್ಗಿಸಿ ಕುಗ್ಗಿಸುವಾಗಲೂ ಇದೇ ಅಪಾಯ. 10 ಅಡಿಯ ಬ್ಯಾನರನ್ನು 10 ಅಂಗುಲದ ಕರಪತ್ರಕ್ಕೆ ಇಳಿಸಿದರೆ ಎಲ್ಲವೂ ಹನ್ನೆರಡನೇ ಒಂದು ಭಾಗಕ್ಕೆ ಇಳಿಯಬೇಕು. 12 ಮಿಲಿಮೀಟರಿನ ಗೆರೆ 1 ಮಿಲಿಮೀಟರ್ ಆಗಬೇಕು. ಜೊತೆಗೆ ಕುಗ್ಗುವ ಆಯ್ಕೆ ಹಾಕಿಲ್ಲದಿದ್ದರೆ ಗೆರೆ 12 ಮಿಲಿಮೀಟರೇ ಉಳಿದು ಅಕ್ಷರವನ್ನು ನುಂಗುತ್ತದೆ. ಕೋರೆಲ್‌ನಲ್ಲಿ ಎಫ್ 12 ಒತ್ತಿದಾಗ ಬರುವ ಸ್ಕೇಲ್ ವಿತ್ ಆಬ್ಜೆಕ್ಟ್, ಇಲ್ಲಸ್ಟ್ರೇಟರಿನಲ್ಲಿ ಸ್ಕೇಲ್ ಸ್ಟ್ರೋಕ್ಸ್ ಆಂಡ್ ಇಫೆಕ್ಟ್ಸ್, ಇಂಕ್‌ಸ್ಕೇಪಿನಲ್ಲಿ ಆಯ್ಕೆಬಾಣ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಕಾಣುವ ಗುಂಡಿ; ಇವು ಚಾಲೂ ಇರಲಿ.

ಗೆರೆಯ ಚೂಪು ಮೂಲೆಗಳಲ್ಲಿ ಮುಳ್ಳಿನಂತೆ ಏನಾದರೂ ಹೊರಚಾಚಿದ್ದರೆ ಕಾರ್ನರ್ ಆಯ್ಕೆಯನ್ನು ರೌಂಡ್‌ಗೆ ಬದಲಿಸಿ. ಒಂದು ತಂತ್ರಾಂಶದಲ್ಲಿ ಇಲ್ಲದ ಮುಳ್ಳು ಇನ್ನೊಂದರಲ್ಲಿ ಹುಟ್ಟುವುದಕ್ಕೂ ಕಾರಣವಿದೆ: ಮೂಲೆ ಎಷ್ಟು ಚಾಚಬಹುದು ಎಂಬ ಮಿತಿ ಎಸ್‌ವಿಜಿಯಲ್ಲಿ ಹೇಳದಿದ್ದರೆ 4, ಪಿಡಿಎಫ್‌ನಲ್ಲಿ 10.

ಸ್ಕ್ಯಾನ್ ಮಾಡಿ ಟ್ರೇಸ್ ಮಾಡಿದ ಅಕ್ಷರ

ಹಳೆಯ ಲೋಗೊವನ್ನು ಟ್ರೇಸ್ ಮಾಡಿದಾಗ ಅಕ್ಷರದ ಸುತ್ತ ಬೂದು ಅಂಚು ಕಟ್ಟಿಕೊಳ್ಳುತ್ತದೆ. ಜೆಪೆಗ್ ಚಿತ್ರದ ಅಂಚಿನಲ್ಲಿ ಕಪ್ಪು ಬಿಳಿಯ ನಡುವೆ ಬೂದು ಚುಕ್ಕಿಗಳಿರುತ್ತವೆ, ಹಲವು ಬಣ್ಣಗಳ ಟ್ರೇಸ್ ಅವನ್ನೂ ಒಂದು ಪದರ ಎಂದು ಎಣಿಸುತ್ತದೆ. ಒಂದೇ ಬಣ್ಣದ ಅಕ್ಷರವಾದರೆ ಕಪ್ಪು ಬಿಳುಪಿನಲ್ಲೇ ಟ್ರೇಸ್ ಮಾಡಿ, ಬಣ್ಣವನ್ನು ಆಮೇಲೆ ತುಂಬಿ. ಇಲ್ಲಸ್ಟ್ರೇಟರಿನ ಇಮೇಜ್ ಟ್ರೇಸ್‌ನಲ್ಲಿ ಸ್ಟ್ರೋಕ್ಸ್ ಗುರುತು ತೆಗೆದು, ಬಿಳಿಯನ್ನು ಬಿಟ್ಟುಬಿಡುವ ಆಯ್ಕೆ ಹಾಕಿ.

ಮುದ್ರಣಕ್ಕೂ ಕಟಿಂಗಿಗೂ ಕಳಿಸುವಾಗ

ಪಿಡಿಎಫ್ ಮಾಡಿದ ಮೇಲಷ್ಟೇ ಅಕ್ಷರದ ಸುತ್ತ ಬಿಳಿ ಗೆರೆ ಕಂಡರೆ, ಪಾರದರ್ಶಕ ನೆರಳೋ ಹೊಳಪೋ ಅಕ್ಷರದ ಹತ್ತಿರ ಇದೆಯೇ ನೋಡಿ. ಪಿಡಿಎಫ್/ಎಕ್ಸ್-1ಎ ಮಾದರಿ ಪಾರದರ್ಶಕತೆಯನ್ನು ಒಪ್ಪುವುದಿಲ್ಲ. ಹಾಗಾಗಿ ತಂತ್ರಾಂಶ ಚಿತ್ರವನ್ನು ತುಂಡು ಮಾಡಿ ಜೋಡಿಸುತ್ತದೆ, ಜೋಡಣೆಯ ಅಂಚು ಕಾಣುತ್ತದೆ. ಪ್ರೆಸ್ಸಿನವರು ಒಪ್ಪಿದರೆ ಪಿಡಿಎಫ್/ಎಕ್ಸ್-4 ಕೊಡಿ. ಆಕ್ರೋಬ್ಯಾಟಿನಲ್ಲಿ ಅಕ್ಷರ ಇದ್ದಕ್ಕಿಂತ ದಪ್ಪವಾಗಿ ಕಂಡರೆ ಪೇಜ್ ಡಿಸ್‌ಪ್ಲೇ ಪ್ರಿಫರೆನ್ಸಿನಲ್ಲಿ ಎನ್‌ಹ್ಯಾನ್ಸ್ ಥಿನ್ ಲೈನ್ಸ್ ಗುರುತು ತೆಗೆದು ಇನ್ನೊಮ್ಮೆ ನೋಡಿ. ಆಫ್‌ಸೆಟ್‌ನಲ್ಲಿ ಬಣ್ಣದ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರದ ಒಂದು ಬದಿಗೆ ಮಾತ್ರ ಬಿಳಿ ಇಣುಕಿದರೆ ಅದು ಫೈಲಿನ ಗೆರೆಯಲ್ಲ, ಪ್ಲೇಟುಗಳು ಕೂದಲೆಳೆಯಷ್ಟು ಸರಿದಿವೆ. ಕಪ್ಪು ಅಕ್ಷರಕ್ಕೆ ಓವರ್‌ಪ್ರಿಂಟ್ ಕೊಟ್ಟರೆ ಆ ಜಾಗ ತೆರೆದುಕೊಳ್ಳುವುದೇ ಇಲ್ಲ.

ಆಟೋ, ಬಸ್ಸಿನ ಮೇಲಿನ ರೇಡಿಯಂ ಅಕ್ಷರಗಳಿಗೆ ಎರಡು ಪ್ರತಿಯ ಉಪಾಯ ನಡೆಯುವುದಿಲ್ಲ. ಕಟಿಂಗ್ ಯಂತ್ರ ನೋಡುವುದು ಆಕಾರದ ಗೆರೆಯನ್ನು, ಬಣ್ಣವನ್ನಲ್ಲ. ಬ್ಲೇಡು ಪ್ರತಿ ತುಂಡಿನ ಸುತ್ತಲೂ ಓಡಿ ತಲೆಕಟ್ಟನ್ನು ಒಡಲಿನಿಂದ ಕತ್ತರಿಸಿಬಿಡುತ್ತದೆ. ಅಂಟಿಸುವಾಗ ಅದು ಬೇರೆಯಾಗಿ ಏಳುತ್ತದೆ, ಅಂಟಿಸಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಸೀಳಿನಿಂದಲೇ ಬಿಚ್ಚತೊಡಗುತ್ತದೆ. ಇಲ್ಲಿ ವೆಲ್ಡ್ ಕಡ್ಡಾಯ. ಅಡಿಯಲ್ಲಿ ಮರೆತುಹೋದ ಎರಡನೇ ಪ್ರತಿಯಿದ್ದರೆ ಅದನ್ನೂ ಅಳಿಸಿ, ಇಲ್ಲವಾದರೆ ಬ್ಲೇಡು ಅದೇ ದಾರಿಯಲ್ಲಿ ಎರಡು ಸಲ ಹೋಗಿ ಹಿಂಬದಿಯ ಕಾಗದವನ್ನೂ ಸೀಳುತ್ತದೆ. ಫೈಲ್ ಕಳಿಸುವ ಮುನ್ನ ವೈರ್‌ಫ್ರೇಮ್ ಹಾಕಿ, ಪ್ರತಿ ತಲೆಕಟ್ಟಿನ ಬುಡ, ಪ್ರತಿ ಒತ್ತಿನ ನೆತ್ತಿ, ಪ್ರತಿ ದೀರ್ಘದ ಕೊಂಡಿಯನ್ನು ಜೂಮ್ ಮಾಡಿ ನೋಡಿ. ಎಲ್ಲಾದರೂ ಒಂದು ಅಡ್ಡಗೆರೆ ಉಳಿದಿದ್ದರೆ ಅಷ್ಟನ್ನೇ ಆಯ್ದು ಮತ್ತೊಮ್ಮೆ ವೆಲ್ಡ್ ಮಾಡಿ, ಆಮೇಲೆ ಯಂತ್ರಕ್ಕೆ ಕೊಡಿ.